ಕೇಳಿ, ಹೇಳ್ತೀನಿ: ಮಗುವಿನ ಫೈಲು ಯಾರ್ಯಾರ ಕೈಲಿದೆ?

ಹೋದ ಸಂಚಿಕೆಯಲ್ಲಿ ಓದಲು ತಡವರಿಸುವ ಮಕ್ಕಳ ಬಗ್ಗೆ ಬರೆದಿದ್ದೆ. ಕಾಗುಣಿತ, ಕೈಬರಹ, ಡಿಸ್ಲೆಕ್ಸಿಯಾ ಬಗ್ಗೆ ಪ್ರಶ್ನೆಗಳು ಬರುತ್ತವೆ ಅಂದುಕೊಂಡಿದ್ದೆ. ಬಂದವು ಕೂಡ. ಆದರೆ ಅದಕ್ಕಿಂತ ಜಾಸ್ತಿ ಬಂದದ್ದು ಫಾರ್ಮು, ಫೋಟೊ, ಆಧಾರ್ ಜೆರಾಕ್ಸು, ವಾಟ್ಸ್ಆ್ಯಪ್ ಗ್ರೂಪುಗಳ ತಕರಾರು. ಈ ಸಲ ಜಾಗವೆಲ್ಲ ಅವಕ್ಕೇ. ನಾನು ವಕೀಲೆಯಲ್ಲ. ಬೆಂಗಳೂರಿನ ಕಲಿಕಾ ಕೇಂದ್ರಗಳಲ್ಲಿ ಮಕ್ಕಳಿಗೆ ಓದು ಬರಹ ಹೇಳಿಕೊಡುತ್ತಾ ತಲೆ ನೆರೆಸಿಕೊಂಡವಳು. ಕಾನೂನನ್ನು ಕೆಲಸಕ್ಕೆ ಬೇಕಾಗಿ ಓದಿಕೊಂಡೆ. ಪತ್ರಗಳಲ್ಲಿದ್ದ ಹೆಸರು, ಶಾಲೆ, ಸೆಂಟರ್ ಎಲ್ಲವನ್ನೂ ತೆಗೆದಿದ್ದೇನೆ. ಬಡಾವಣೆ ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ಮಗಳು ನಾಲ್ಕನೇ ಕ್ಲಾಸು. ಓದುವುದು ಕಷ್ಟ ಅಂತ ಒಂದು ಲರ್ನಿಂಗ್ ಸಪೋರ್ಟ್ ಸೆಂಟರ್‌ಗೆ ಸೇರಿಸಲು ಹೋದೆವು. ರಿಸೆಪ್ಷನ್‌ನಲ್ಲಿ ದಪ್ಪ ಫಾರ್ಮ್ ಕೊಟ್ಟರು. ಮಗುವಿನ ಆಧಾರ್, ನಮ್ಮಿಬ್ಬರ ಆಧಾರ್, ಜಾತಿ, ವರಮಾನ, ಶಾಲೆಯ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯಲ್ಲಿ ವಿದ್ಯಾರ್ಥಿಯನ್ನು ಗುರುತಿಸುವ ನಂಬರ್), ನನ್ನ ಹೆರಿಗೆ ಹೇಗಾಯಿತು, ಮನೆಯಲ್ಲಿ ಜಗಳ ಇದೆಯಾ, ಎಲ್ಲ ಕೇಳಿದ್ದಾರೆ. ಬರೆಯದಿದ್ದರೆ ಸೇರಿಸಿಕೊಳ್ಳುವುದಿಲ್ಲವೇನೋ ಅಂತ ಭಯ. ಎಲ್ಲವನ್ನೂ ಕೊಡಬೇಕಾ?
(ಒಬ್ಬ ತಾಯಿ, ಹನುಮಂತನಗರ)

ಕೊಡಬೇಕಿಲ್ಲ. ಹಾಗಂತ ಪೂರ್ತಿ ಖಾಲಿ ಬಿಟ್ಟು ಬರಬೇಡಿ. ಆ ಫಾರ್ಮಿನಲ್ಲಿ ಬೇಕಾದದ್ದೂ ಬೇಡದ್ದೂ ಒಟ್ಟಿಗೆ ಕಲಸಿಕೊಂಡಿದೆ, ಅದೇ ತೊಂದರೆ.

ಮಗುವಿಗೆ ಫಿಟ್ಸ್ ಬರುತ್ತದಾ, ಯಾವುದಾದರೂ ತಿಂಡಿ ಆಗುವುದಿಲ್ಲವಾ, ಯಾವ ಮಾತ್ರೆ ತೆಗೆದುಕೊಳ್ಳುತ್ತಾಳೆ, ಕಣ್ಣು ಕಿವಿ ಪರೀಕ್ಷೆ ಆಗಿದೆಯಾ, ಸಂಜೆ ಕರೆದುಕೊಂಡು ಹೋಗಲು ಯಾರು ಬರುತ್ತಾರೆ, ಇವನ್ನು ಮುಚ್ಚಿಡಬೇಡಿ. ಮನೆಮಾತು ಯಾವುದು ಅನ್ನುವುದನ್ನೂ ತಪ್ಪದೆ ಬರೆಯಿರಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗು ಓದಲು ತಡವರಿಸುವುದಕ್ಕೂ ಒಂದೇ ಭಾಷೆಯಲ್ಲಿ ಬೆಳೆದ ಮಗು ತಡವರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ಟೀಚರ್‌ಗೆ ಅದು ಗೊತ್ತಿರಲೇಬೇಕು.

ಹೆರಿಗೆಯ ಪ್ರಶ್ನೆ ನೋಡಿ ನಿಮಗೆ ಮುಜುಗರ ಆಗಿರಬಹುದು. ಅದಕ್ಕೆ ಕಾರಣ ಇದೆ. ಹುಟ್ಟಿದ ಕೂಡಲೇ ಮಗು ಅತ್ತಿತಾ, ತೂಕ ಎಷ್ಟಿತ್ತು, ಕಾಮಾಲೆ ಜಾಸ್ತಿ ಆಗಿತ್ತಾ, ಯಾವಾಗ ನಡೆಯಿತು, ಮೊದಲ ಮಾತು ಯಾವಾಗ ಬಂತು, ಇವನ್ನೆಲ್ಲ ಸೈಕಾಲಜಿಸ್ಟ್ ಮತ್ತು ಸ್ಪೀಚ್ ಥೆರಪಿಸ್ಟ್ ಕೇಳಿಯೇ ಕೇಳುತ್ತಾರೆ. ಆದರೆ ಕೇಳಬೇಕಾದವರು ಅವರು. ಫೀಸು ಕಟ್ಟುವ ಕೌಂಟರಿನ ಹುಡುಗ ಅಲ್ಲ. ಆ ಕಾಲಂನಲ್ಲಿ ‘ಥೆರಪಿಸ್ಟ್ ಹತ್ತಿರ ನೇರವಾಗಿ ಹೇಳುತ್ತೇನೆ’ ಅಂತ ಬರೆದುಬಿಡಿ. ಗಂಡ ಹೆಂಡತಿ ಜಗಳದ ಕಾಲಂಗೂ ಅದೇ ಉತ್ತರ. ಅಂಥದ್ದನ್ನು ಫಾರ್ಮಿನಲ್ಲಿ ಅಚ್ಚು ಹಾಕಿಸಿದವರಿಗೆ ನನ್ನ ದೊಡ್ಡ ನಮಸ್ಕಾರ.

ಇನ್ನು ಜಾತಿ. ಓದು ಕಲಿಸಲು ಅದೇಕೆ ಬೇಕು? ಗೆರೆ ಎಳೆಯಿರಿ. ವರಮಾನ, ಫೀಸಿನಲ್ಲಿ ರಿಯಾಯಿತಿ ಕೇಳುವುದಾದರೆ ಮಾತ್ರ. ಸ್ಯಾಟ್ಸ್ ನಂಬರ್ ಶಾಲೆ ಮತ್ತು ಶಿಕ್ಷಣ ಇಲಾಖೆಯ ನಡುವಿನ ವಿಷಯ. ಖಾಸಗಿ ಸೆಂಟರ್‌ಗೆ ಅದರಿಂದ ಏನೂ ಆಗಬೇಕಿಲ್ಲ.

ಆಧಾರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಶಾಲೆಗೆ ಸೇರಿಸಿಕೊಳ್ಳಲು ಮಗುವಿನ ಆಧಾರ್ ಕಡ್ಡಾಯವಲ್ಲ. ಶಾಲೆಗೇ ಕಡ್ಡಾಯ ಇಲ್ಲ ಅಂದ ಮೇಲೆ ಸಂಜೆ ನಾಲ್ಕರಿಂದ ಐದರವರೆಗೆ ಓದಿಸುವ ಸೆಂಟರ್‌ಗೆ ಎಲ್ಲಿಂದ ಬಂತು? ವಯಸ್ಸು ನೋಡಬೇಕಾದರೆ ಜನನ ಪ್ರಮಾಣಪತ್ರ ತೋರಿಸಿ, ವಾಪಸ್ ತೆಗೆದುಕೊಳ್ಳಿ. ತೀರಾ ಹಠ ಹಿಡಿದರೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವೆಬ್‌ಸೈಟಿನಲ್ಲೇ ಅದು ಸಿಗುತ್ತದೆ. ಅದರಲ್ಲಿ ಕೊನೆಯ 4 ಅಂಕಿ ಬಿಟ್ಟು ಉಳಿದದ್ದು ಕಾಣುವುದಿಲ್ಲ.

ಈ ವಿಷಯಕ್ಕೆ ಮೊದಲು ಕೋರ್ಟ್ ಮೆಟ್ಟಿಲು ಹತ್ತಿದವರು ನಮ್ಮವರೇ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅವರದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು, ಖಾಸಗಿತನ ಮೂಲಭೂತ ಹಕ್ಕು ಅಂತ. ಅವರು ಅಷ್ಟು ಮಾಡಿರುವಾಗ ನಾವು ಒಂದು ಕಾಲಂ ಖಾಲಿ ಬಿಡಲು ಹೆದರಬಾರದು, ಅಲ್ವಾ?

ಇನ್ನೊಂದು ಮಾತು. ದಾಖಲೆ ಸೋರುವುದು ಸೆಂಟರ್‌ನಿಂದಲೇ ಆಗಬೇಕಿಲ್ಲ. ಕೆಳಗಿನ ಜೆರಾಕ್ಸ್ ಅಂಗಡಿಗೆ ಹೋಗುತ್ತೀರಿ. ಗೋಡೆಗೆ ಅಂಟಿಸಿದ ನಂಬರಿಗೆ ಮಗುವಿನ ಅಸೆಸ್‌ಮೆಂಟ್ ರಿಪೋರ್ಟನ್ನು ವಾಟ್ಸ್ಆ್ಯಪ್ ಮಾಡುತ್ತೀರಿ. ಅಂಗಡಿಯವರು ಪ್ರಿಂಟ್ ಕೊಡುತ್ತಾರೆ. ಕೆಲವು ರೂಪಾಯಿಗೆ ಮುಗಿಯಿತು ಅಂದುಕೊಳ್ಳುತ್ತೀರಿ. ಆ ಫೈಲು ಅವರ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲೇ ಕೂತಿರುತ್ತದೆ, ನಿಮ್ಮ ಹಿಂದೆ ನಿಂತವರ ಬಾಡಿಗೆ ಕರಾರಿನ ಪಕ್ಕದಲ್ಲಿ. ಪೆನ್‌ಡ್ರೈವ್ ಒಯ್ಯಿರಿ. ಇಲ್ಲದಿದ್ದರೆ ಪ್ರಿಂಟ್ ಬಂದ ಮೇಲೆ ‘ಡಿಲೀಟ್ ಮಾಡಿ ಅಣ್ಣ’ ಅಂತ ಹೇಳಿ ಎದುರಿಗೇ ನಿಂತು ಮಾಡಿಸಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಹೋಗುವ ಅಂಗಡಿಯವರು ಈಗ ನನ್ನನ್ನು ನೋಡಿದರೆ ತಾವೇ ಮೌಸ್ ಹಿಡಿಯುತ್ತಾರೆ.

ಸೆಂಟರಿನಲ್ಲಿ ಮಾತ್ರ ಪ್ರತಿ ಕಾಲಂಗೂ ಒಂದೇ ಪ್ರಶ್ನೆ ಕೇಳಿ: ‘ಇದನ್ನು ಓದುವವರು ಯಾರು?’ ಒಬ್ಬರ ಹೆಸರು ಹೇಳಿದರೆ ಯೋಚಿಸಿ ಬರೆಯಿರಿ. ‘ಸುಮ್ನೆ ರೆಕಾರ್ಡ್‌ಗೆ ಮೇಡಂ’ ಅಂದರೆ ಬರೆಯಬೇಡಿ.

ಪ್ರಶ್ನೆ: ಮಗನಿಗೆ 11 ವರ್ಷ. ಸೆಂಟರ್‌ನವರು ಅವನು ಓದುವ ವಿಡಿಯೊ ತೆಗೆದು ‘ಮೊದಲು ಹೀಗಿದ್ದ, ಈಗ ಹೀಗೆ’ ಅಂತ ಇನ್‌ಸ್ಟಾಗ್ರಾಂ ರೀಲ್ಸ್ ಹಾಕಿದ್ದಾರೆ. ಅವನ ಶಾಲೆಯ ಹುಡುಗರು ನೋಡಿ ಕಿಚಾಯಿಸಿದ್ದಾರೆ. ಸೆಂಟರ್‌ಗೆ ಬರುವುದಿಲ್ಲ ಅಂತ ಕೂತಿದ್ದಾನೆ. ಕೇಳಿದರೆ, ‘ಅಡ್ಮಿಷನ್ ದಿನ ನೀವೇ ಸಹಿ ಹಾಕಿದ್ದೀರಿ’ ಅನ್ನುತ್ತಾರೆ.
(ಒಬ್ಬ ತಂದೆ, ವಿದ್ಯಾರಣ್ಯಪುರ)

ಸಹಿ ಹಾಕಿದರೆ ವಾಪಸ್ ಪಡೆಯಬಾರದು ಅಂತ ಎಲ್ಲಿದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೇ ಬೇರೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು ಅನ್ನುತ್ತದೆ ಅದು. ಅದರ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸುವ ಮೊದಲು ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಟ್ಟವರು ನಿಜವಾಗಿ ಅವರೇನಾ ಅಂತ ಖಚಿತ ಮಾಡಿಕೊಳ್ಳುವ ಜವಾಬ್ದಾರಿಯೂ ಸಂಸ್ಥೆಯದೇ. ಜೊತೆಗೆ, ಯಾವ ಮಾಹಿತಿ, ಯಾವ ಕೆಲಸಕ್ಕೆ ಅಂತ ಬಿಡಿಸಿ ಹೇಳಬೇಕು. ಓದು ಕಲಿಸಲು ಕೊಟ್ಟ ಒಪ್ಪಿಗೆ ಜಾಹೀರಾತಿಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ.

ಒಂದು ಎಚ್ಚರಿಕೆ. ಈ ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆ, ಮಕ್ಕಳ ಮಾಹಿತಿ ಮುಂತಾದ ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಅಂದರೆ 2027ರ ಮೇ. ಅಲ್ಲಿಯವರೆಗೆ ಕಾನೂನೇ ಇಲ್ಲ ಅಂತಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲೇ ಬಂದ ನಿಯಮಗಳಿವೆ. ದೇಹದ, ಮನಸ್ಸಿನ ಆರೋಗ್ಯದ ಸ್ಥಿತಿ ಮತ್ತು ವೈದ್ಯಕೀಯ ದಾಖಲೆಗಳನ್ನು ಅವು ಸೂಕ್ಷ್ಮ ಮಾಹಿತಿ ಅಂತ ಹೆಸರಿಟ್ಟೇ ಕರೆಯುತ್ತವೆ.

ನಿಮಗೆ ಈಗ ಬೇಕಾದದ್ದು ಕೇಸಲ್ಲ, ರೀಲ್ಸ್ ಇಳಿಯುವುದು. ಫೋನಿನಲ್ಲಿ ವಾದ ಮಾಡಬೇಡಿ. ಒಂದು ಇಮೇಲ್ ಕಳಿಸಿ. ಹೀಗೆ ಬರೆದರೆ ಸಾಕು: ‘ನನ್ನ ಮಗನ ಫೋಟೊ, ವಿಡಿಯೊ, ಧ್ವನಿಯನ್ನು ಪ್ರಚಾರಕ್ಕೆ ಬಳಸಲು ಕೊಟ್ಟ ಒಪ್ಪಿಗೆಯನ್ನು ಈ ದಿನದಿಂದ ವಾಪಸ್ ಪಡೆಯುತ್ತಿದ್ದೇನೆ. ಹಾಕಿರುವ ವಿಡಿಯೊ ತೆಗೆಯಿರಿ. ನಿಮ್ಮ ಮತ್ತು ಟೀಚರ್‌ಗಳ ಫೋನಿನಲ್ಲಿರುವ ಪ್ರತಿಗಳನ್ನೂ ಅಳಿಸಿ. ಅಳಿಸಿದ್ದೀರಿ ಎಂದು ಉತ್ತರ ಬರೆಯಿರಿ. ಪಾಠಕ್ಕೆ ಕೊಟ್ಟ ಒಪ್ಪಿಗೆ ಹಾಗೆಯೇ ಇದೆ.’ ಕೊನೆಯ ವಾಕ್ಯ ಮುಖ್ಯ. ಅದಿಲ್ಲದಿದ್ದರೆ ಅವರು ಮಗುವನ್ನೇ ಬಿಡಿಸುತ್ತಿದ್ದಾರೆ ಅಂದುಕೊಂಡು ಎಗರಾಡುತ್ತಾರೆ. ಕಳಿಸುವ ಮೊದಲು ರೀಲ್ಸ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಅವರು ಒಪ್ಪದಿದ್ದರೆ ಇನ್‌ಸ್ಟಾಗ್ರಾಂಗೇ ನೇರವಾಗಿ ದೂರು ಕೊಡಬಹುದು. ಮಗುವಿನ ಖಾಸಗಿತನದ ಬಗ್ಗೆ ತಂದೆ ತಾಯಿ ದೂರು ಕೊಡಲು ಅಲ್ಲಿ ದಾರಿ ಇದೆ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ‘ಮೊದಲು ಹೀಗಿದ್ದ’ ಅನ್ನುವ ಅರ್ಧ ಇದೆಯಲ್ಲ, ಅದು ಟೀಚರ್ ಮೇಲೆ ನಂಬಿಕೆ ಇಟ್ಟು ಹುಡುಗ ತಪ್ಪು ತಪ್ಪಾಗಿ ಓದಿದ ಗಳಿಗೆ. ಆ ನಂಬಿಕೆ ಸಿಗಲು ನಮಗೆ ತಿಂಗಳುಗಟ್ಟಲೆ ಬೇಕಾಗುತ್ತದೆ. ಅದನ್ನು ತೆಗೆದು ಹಾಡು ಸೇರಿಸಿ ಊರಿಗೆಲ್ಲ ತೋರಿಸಿದರೆ ಅವನು ಮತ್ತೆ ಯಾರ ಮುಂದೆ ಬಾಯಿ ತೆರೆಯುತ್ತಾನೆ? ಮಗನ ಹತ್ತಿರ ಮಾತಾಡಿ. ವಿಡಿಯೊ ತೆಗೆಸಿದ ಮೇಲೆ ಅವನಿಗೇ ತೋರಿಸಿ, ‘ನೋಡು, ಇಲ್ಲ ಈಗ’ ಅಂತ. 11 ವರ್ಷದವನಿಗೆ ಅದು ಅರ್ಥವಾಗುತ್ತದೆ. ಮುಂದೆ ಯಾರೇ ಫೋಟೊ ಕೇಳಿದರೂ ನಿಮಗಿಂತ ಮೊದಲು ಅವನನ್ನು ಕೇಳಲಿ.

ಪ್ರಶ್ನೆ: ಸೆಂಟರ್‌ನವರು ಕ್ಲಾಸಿನ ಸಿಸಿಟಿವಿಯನ್ನು ಎಲ್ಲ ಪೋಷಕರ ಮೊಬೈಲಿಗೂ ಲೈವ್ ಕೊಡುತ್ತಾರಂತೆ. ಒಳ್ಳೆಯದೇ ಅಲ್ಲವಾ?
(ಎಚ್‌ಎಸ್‌ಆರ್ ಲೇಔಟ್)

ನಿಮ್ಮ ಮಗು ನೆಲದ ಮೇಲೆ ಬಿದ್ದು ಹೊರಳಾಡಿ ಅಳುವುದನ್ನು ಉಳಿದ ಎಲ್ಲ ಅಪ್ಪ ಅಮ್ಮಂದಿರೂ ನೋಡುತ್ತಾರೆ. ಅವರ ಆಫೀಸಿನ ಪಕ್ಕದ ಸೀಟಿನವರೂ ನೋಡುತ್ತಾರೆ. ಬಾಗಿಲಿಗೆ, ಮೆಟ್ಟಿಲಿಗೆ, ಕಾರಿಡಾರಿಗೆ ಕ್ಯಾಮೆರಾ ಇರಲಿ, ರೆಕಾರ್ಡಿಂಗ್ ಸೆಂಟರ್ ಮುಖ್ಯಸ್ಥರ ಹತ್ತಿರ ಮಾತ್ರ ಇರಲಿ. ಕ್ಯಾಮೆರಾ ಜೊತೆಗೆ ಬಂದ ಹಳೇ ಪಾಸ್‌ವರ್ಡನ್ನು ಬದಲಿಸಿದ್ದಾರಾ ಅಂತಲೂ ಕೇಳಿ. ಕೊಠಡಿಯ ಗೋಡೆಯಲ್ಲಿ ಒಂದು ಗಾಜಿನ ಕಿಟಕಿ ಇದ್ದರೆ ಲೈವ್‌ಗಿಂತ ಎಷ್ಟೋ ವಾಸಿ.

ಪ್ರಶ್ನೆ: ನಾನು ಮನೆಯ ಮೇಲಿನ ಮಹಡಿಯಲ್ಲೇ ಪುಟ್ಟ ಸೆಂಟರ್ ನಡೆಸುತ್ತೇನೆ. ಇಬ್ಬರು ಟೀಚರ್ ಇದ್ದಾರೆ. ಪೋಷಕರ ವಾಟ್ಸ್ಆ್ಯಪ್ ಗ್ರೂಪ್, ಒಂದು ಗೂಗಲ್ ಶೀಟ್, ಒಂದಷ್ಟು ನೋಟ್‌ಬುಕ್, ಇಷ್ಟೇ ನನ್ನ ಆಫೀಸು. ಹೊಸ ಕಾಯ್ದೆಯಲ್ಲಿ ನೂರಾರು ಕೋಟಿ ದಂಡ ಅಂತ ಕೇಳಿ ನಿದ್ದೆ ಹೋಗಿದೆ. ಮಕ್ಕಳ ಪ್ರಗತಿ ಬರೆದಿಡುವುದೂ ತಪ್ಪಾ?
(ಒಬ್ಬ ಸ್ಪೆಷಲ್ ಎಜುಕೇಟರ್, ರಾಜಾಜಿನಗರ)

ಮೊದಲು ನಿದ್ದೆ ಮಾಡಿ. 250 ಕೋಟಿ, 200 ಕೋಟಿ ಅಂತ ಇರುವುದು ನಿಜ. ಮೊದಲನೆಯದು ಮಾಹಿತಿಯನ್ನು ಭದ್ರವಾಗಿ ಇಡದಿದ್ದಕ್ಕೆ, ಎರಡನೆಯದು ಮಕ್ಕಳಿಗೆ ಸಂಬಂಧಿಸಿದ ಹೊಣೆ ಮುರಿದದ್ದಕ್ಕೆ. ಆದರೆ ಅವು ಮೇಲಿನ ಮಿತಿ. ತಪ್ಪು ಎಷ್ಟು ಗಂಭೀರ, ಎಷ್ಟು ದಿನ ನಡೆಯಿತು, ಮತ್ತೆ ಮತ್ತೆ ಆಯಿತಾ, ಸರಿಪಡಿಸಲು ಏನು ಮಾಡಿದಿರಿ, ಎಲ್ಲ ನೋಡಿಯೇ ದತ್ತಾಂಶ ಸಂರಕ್ಷಣಾ ಮಂಡಳಿ ದಂಡ ನಿರ್ಧರಿಸಬೇಕು.

ಪ್ರಗತಿ ಬರೆಯುವುದು ತಪ್ಪಲ್ಲ. ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಟ್ಟು ದಾಖಲಿಸುವುದನ್ನು ಕಾಯ್ದೆ ತಡೆಯುವುದು ಹೌದು. ಆದರೆ ಶಿಕ್ಷಣ ಸಂಸ್ಥೆಗಳು ಕಲಿಸುವ ಕೆಲಸಕ್ಕೆ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದಷ್ಟು ಮಾಡಲು ನಿಯಮಗಳಲ್ಲಿ ವಿನಾಯಿತಿ ಇದೆ. ಆರೋಗ್ಯ ಕ್ಷೇತ್ರದವರಿಗೂ ಮಗುವಿನ ಆರೋಗ್ಯಕ್ಕೆ ಬೇಕಾದಷ್ಟು ಇದೆ. ನನ್ನ ಸಲಹೆ ಕೇಳಿದರೆ, ಆ ವಿನಾಯಿತಿಯನ್ನು ನೆಚ್ಚಿ ಕೂರದೆ ಪೋಷಕರ ಒಪ್ಪಿಗೆ ಪಡೆದುಬಿಡಿ. ಕನ್ನಡದಲ್ಲೇ, ಒಂದು ಪುಟದಲ್ಲಿ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಆ ತಿಳಿವಳಿಕೆ ಓದುವ ಆಯ್ಕೆ ಪೋಷಕರಿಗೆ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಪಾಠಕ್ಕೆ ಒಂದು ಸಹಿ, ಶಾಲೆಯವರ ಜೊತೆ ಮಾತಾಡಲು ಇನ್ನೊಂದು, ಫೋಟೊಗೆ ಮತ್ತೊಂದು. ಫೋಟೊ ಸಾಲಿನಲ್ಲಿ ‘ಬೇಡ’ ಅಂದವರಿಗೂ ಪಾಠ ಇರಬೇಕು.

ಈಗ ನಿಮ್ಮ ಆಫೀಸಿಗೆ ಬರೋಣ. ನಾನು ಮೊದಲು ಹೆದರುವುದು ವಾಟ್ಸ್ಆ್ಯಪ್ ಗ್ರೂಪಿಗೆ. ಸೇರಿದವರ ನಂಬರೆಲ್ಲ ಒಬ್ಬರಿಗೊಬ್ಬರಿಗೆ ಕಾಣುತ್ತದೆ. ಗ್ರೂಪಿನ ಹೆಸರು ‘ಎಡಿಎಚ್‌ಡಿ ಬ್ಯಾಚ್ 4.30’ ಅಂತ ಇಟ್ಟವರನ್ನು ನೋಡಿದ್ದೇನೆ. ಎಡಿಎಚ್‌ಡಿ ಅಂದರೆ ಗಮನ ನಿಲ್ಲದ, ಚಡಪಡಿಸುವ ತೊಂದರೆ. ಡಿಪಿಯಲ್ಲಿ ಮಗುವಿನ ಮುಖ, ಕೆಳಗೆ ನಂಬರ್, ಮೇಲೆ ತೊಂದರೆಯ ಹೆಸರು. ಇನ್ನೇನು ಬೇಕು? ಕಮ್ಯುನಿಟಿ ಮಾಡಿ ಅದರ ಪ್ರಕಟಣೆ ಗ್ರೂಪ್ ಬಳಸಿದರೆ ಪೋಷಕರ ನಂಬರ್ ಅಡ್ಮಿನ್‌ಗೆ ಬಿಟ್ಟು ಉಳಿದವರಿಗೆ ಕಾಣುವುದಿಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ ಕೂಡ ಆಗುತ್ತದೆ, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ರಜೆ, ಫೀಸು, ಸಮಯ ಬದಲಾವಣೆ ಅಲ್ಲಿ ಹಾಕಿ. ಯಾವ ಮಗುವಿನ ವಿಷಯವೂ ಅಲ್ಲಿ ಬೇಡ, ಹೊಗಳಿಕೆ ಕೂಡ. ‘ಇವತ್ತು ಇವಳು ಒತ್ತಕ್ಷರ ತಪ್ಪಿಲ್ಲದೆ ಓದಿದಳು’ ಅಂತ ನೀವು ಸಂತೋಷಕ್ಕೆ ಹಾಕುತ್ತೀರಿ. ಎಂಟನೇ ಕ್ಲಾಸಿನ ಹುಡುಗಿಗೆ ಒತ್ತಕ್ಷರ ಬರುತ್ತಿರಲಿಲ್ಲ ಅನ್ನುವುದು ಅದರಲ್ಲೇ ಇದೆಯಲ್ಲ.

ಗೂಗಲ್ ಶೀಟ್ ತೆರೆದು ‘ಶೇರ್’ ಒತ್ತಿ ನೋಡಿ. ‘ಲಿಂಕ್ ಇರುವ ಯಾರು ಬೇಕಾದರೂ’ ಅಂತಿದ್ದರೆ ಈಗಲೇ ‘ರಿಸ್ಟ್ರಿಕ್ಟೆಡ್’ ಮಾಡಿ. ಇಬ್ಬರು ಟೀಚರ್‌ಗಳ ಇಮೇಲ್ ಮಾತ್ರ ಸೇರಿಸಿ, ಕೆಲಸ ಬಿಟ್ಟವರನ್ನು ಅದೇ ದಿನ ತೆಗೆಯಿರಿ. ಗೂಗಲ್ ಫಾರ್ಮ್ ಬಳಸುತ್ತಿದ್ದರೆ ಅದರ ಸೆಟ್ಟಿಂಗ್‌ನಲ್ಲಿ ಉತ್ತರಗಳ ಸಾರಾಂಶ ತೋರಿಸುವ ಆಯ್ಕೆ ಇದೆ. ಅದು ಆನ್ ಇದ್ದರೆ ಫಾರ್ಮ್ ತುಂಬಿದ ಒಬ್ಬ ಪೋಷಕರು ಉಳಿದವರು ಬರೆದದ್ದನ್ನೆಲ್ಲ ಓದಬಹುದು. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಶೀಟಿನಲ್ಲಿ ಹೆಸರಿನ ಬದಲು ಒಂದು ಕೋಡ್ ಬರೆಯಿರಿ. ಯಾವ ಕೋಡ್ ಯಾವ ಮಗು ಅನ್ನುವ ಪುಸ್ತಕ ಬೀರುವಿನಲ್ಲಿರಲಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ.

ಟೀಚರ್‌ಗಳ ಸ್ವಂತ ಫೋನು ದೊಡ್ಡ ತೂತು. ವರ್ಕ್‌ಶೀಟ್ ಫೋಟೊ ತೆಗೆಯುತ್ತಾರೆ, ಅದು ಗೂಗಲ್ ಫೋಟೋಸ್‌ಗೆ ತಾನಾಗಿ ಹೋಗುತ್ತದೆ. ಪರಿಚಯದವರ ಮನೆಗೆ ಊಟಕ್ಕೆ ಹೋದಾಗ ಟಿವಿಯಲ್ಲಿ ಅವರ ಮಗಳ ಮದುವೆ ಫೋಟೊಗಳ ನಡುವೆ ಯಾವುದೋ ಮಗುವಿನ ಕಾಪಿ ಪುಸ್ತಕ ಬಂತು, ಮೇಲೆ ಪೂರ್ತಿ ಹೆಸರು. ಆ ಮನೆಯಾಕೆ ಟೀಚರ್. ಅವರಿಗೆ ಗೊತ್ತೇ ಇರಲಿಲ್ಲ. ಸೆಂಟರ್‌ಗೆ ಅಂತ ಒಂದು ಅಗ್ಗದ ಫೋನ್ ಇಡಿ. ಪಿನ್ ಹಾಕಿ. ಸಂಜೆ ಅದು ಅಲ್ಲೇ ಉಳಿಯಲಿ.

ನೋಟ್‌ಬುಕ್ ವಿಷಯ ತಮಾಷೆಯಾಗಿದೆ. ಈ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ. ಕಾಗದದಲ್ಲಿದ್ದದ್ದು ಡಿಜಿಟಲ್ ಆದ ಮೇಲೆ ಅದರೊಳಗೆ ಬರುತ್ತದೆ. ಅಂದರೆ ನಿಮ್ಮ ನೋಟ್‌ಬುಕ್ ಹೊರಗೆ, ಅದರ ಪುಟದ ಫೋಟೊ ಒಳಗೆ. ಹಾಗಂತ ಕಾಗದವನ್ನು ಹಗುರವಾಗಿ ನೋಡಬೇಡಿ. ಹಳೇ ಫೈಲನ್ನು ಪೇಪರಿನವರಿಗೆ ತೂಕಕ್ಕೆ ಹಾಕಿದರೆ ಬುಲ್ ಟೆಂಪಲ್ ರಸ್ತೆಯ ಪರಿಷೆಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣದ ಮೇಲೆ ಯಾರದೋ ಐಕ್ಯೂ ಇರುತ್ತದೆ. ಹರಿದು, ನೀರಿನಲ್ಲಿ ನೆನೆಸಿ, ಮುದ್ದೆ ಮಾಡಿ ಹಾಕಿ. ಮಗು ಸೆಂಟರ್ ಬಿಟ್ಟ ಮೇಲೆ ಎಷ್ಟು ಕಾಲ ಇಡುತ್ತೀರಿ ಅಂತ ಮೊದಲೇ ಬರೆದು ಪೋಷಕರಿಗೆ ಹೇಳಿ. ಒರಿಜಿನಲ್ ರಿಪೋರ್ಟುಗಳನ್ನು ಇಟ್ಟುಕೊಳ್ಳಲೇಬೇಡಿ, ನೋಡಿ ವಾಪಸ್ ಕೊಡಿ.

ಇತ್ತೀಚಿನ ಒಂದು ಚಾಳಿ. ರಿಪೋರ್ಟನ್ನು ಹಾಗೇ ಎಐ ಚಾಟ್‌ಬಾಟ್‌ಗೆ ಹಾಕಿ ‘ಇದಕ್ಕೆ ಪಾಠದ ಯೋಜನೆ ಮಾಡಿಕೊಡು’ ಅನ್ನುವುದು. ಯೋಜನೆ ಚೆನ್ನಾಗಿಯೇ ಬರುತ್ತದೆ, ನಾನು ಸುಳ್ಳು ಹೇಳಲ್ಲ. ಆದರೆ ಹೆಸರು, ಶಾಲೆ, ಹುಟ್ಟಿದ ದಿನ, ಆಸ್ಪತ್ರೆಯ ನಂಬರ್ ಇರುವ ಪಿಡಿಎಫ್ ಹಾಕಬೇಡಿ. ‘ಮೂರನೇ ಕ್ಲಾಸಿನ ಮಗು, ಮನೆಮಾತು ತಮಿಳು, ದೀರ್ಘ ಸ್ವರ ಗುರುತಿಸಲು ಕಷ್ಟ’ ಅಂತ ನೀವೇ ಟೈಪ್ ಮಾಡಿ. ಅಷ್ಟೇ ಸಾಕು ಅದಕ್ಕೆ.

ಎಷ್ಟು ಜೋಪಾನ ಮಾಡಿದರೂ ಒಮ್ಮೆ ಫೋನ್ ಮೆಜೆಸ್ಟಿಕ್‌ನ ಬಸ್ಸಿನಲ್ಲಿ ಕಳೆದುಹೋಗಬಹುದು. ಆಗ ಮುಚ್ಚಿಡಬೇಡಿ. 2027ರ ಮೇ ಗಡುವಿನ ನಂತರ ಇಂಥದ್ದನ್ನು ಪೋಷಕರಿಗೂ ಮಂಡಳಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ ಪೂರ್ತಿ ವಿವರ 72 ಗಂಟೆಯೊಳಗೆ ಕೊಡಬೇಕು. ಈಗಲೂ ಅದೇ ದಿನ ಪ್ರತಿ ಮನೆಗೂ ಫೋನ್ ಮಾಡಿ ಹೇಳುವುದು ಸರಿಯಾದ ಕೆಲಸ. ಬೈಯುತ್ತಾರೆ. ಬೈಸಿಕೊಳ್ಳಿ.

ಪ್ರಶ್ನೆ: ಮೊಮ್ಮಗನಿಗೆ ಆಟಿಸಂ ಇದೆ ಅಂತ ರಿಪೋರ್ಟ್ ಬಂತು. ನನ್ನ ಮಗ ಒಳ್ಳೆ ಡಾಕ್ಟರ್ ಯಾರಾದರೂ ಗೊತ್ತಾ ಅಂತ ಕೇಳಲು ಅದನ್ನು ನಮ್ಮ ಮನೆತನದ ಗ್ರೂಪಿಗೆ ಹಾಕಿದ. ಈಗ ದಾವಣಗೆರೆಯಿಂದ ಅಮೆರಿಕದವರೆಗೆ ಎಲ್ಲರೂ ಸಲಹೆ ಕೊಡುವವರೇ. ಸೊಸೆ ಮಾತು ಬಿಟ್ಟಿದ್ದಾಳೆ. ಇದಕ್ಕೂ ಏನಾದರೂ ಕಾನೂನು ಇದೆಯಾ?
(ಒಬ್ಬ ಅಜ್ಜಿ, ಮಲ್ಲೇಶ್ವರಂ)

ಇಲ್ಲಮ್ಮ. ಮನೆಯ, ಸ್ವಂತದ ಕೆಲಸಕ್ಕೆ ಬಳಸುವ ಮಾಹಿತಿಯನ್ನು ಕಾಯ್ದೆ ತನ್ನಿಂದ ಹೊರಗೆ ಬಿಟ್ಟಿದೆ. ಮದುವೆ ಗ್ರೂಪಿನಲ್ಲಿ ಪೊಲೀಸರು ಬರುವುದು ಯಾರಿಗೂ ಬೇಡ.

ಆದರೆ ನೀವು ಕೇಳಿದ್ದು ಕಾನೂನಲ್ಲ ಅಂತ ನನಗೆ ಗೊತ್ತು. ಇಷ್ಟು ವರ್ಷ ನಾನು ಕಂಡ ಹಾಗೆ ಮಕ್ಕಳ ಗುಟ್ಟು ರಟ್ಟಾಗುವುದು ಕಳ್ಳರಿಂದ ಕಮ್ಮಿ, ಪ್ರೀತಿ ಇರುವವರಿಂದಲೇ ಜಾಸ್ತಿ. ನಿಮ್ಮ ಮಗನ ಉದ್ದೇಶ ಚೆನ್ನಾಗಿಯೇ ಇತ್ತು. ‘ಬೆಂಗಳೂರಲ್ಲಿ ಮಕ್ಕಳ ಬೆಳವಣಿಗೆ ನೋಡುವ ಒಳ್ಳೆ ಡಾಕ್ಟರ್ ಯಾರು?’ ಅಂತ ಒಂದು ಸಾಲು ಕೇಳಿದ್ದರೆ ಆಗುತ್ತಿತ್ತು. ರಿಪೋರ್ಟ್ ಬೇಕಿರಲಿಲ್ಲ. ಆ ರಿಪೋರ್ಟಿನಲ್ಲಿ ಸೊಸೆಯ ಬಸಿರು ಬಾಣಂತನದ ವಿವರವೂ ಇರುತ್ತದೆ, ಗೊತ್ತಾ? ಆಕೆಗೆ ಕೋಪ ಬಂದದ್ದು ಮಗುವಿನ ಬಗ್ಗೆ ಮಾತ್ರ ಅಲ್ಲ ಅನ್ನಿಸುತ್ತದೆ.

ಹಾಕಿದ ಕೂಡಲೇ ಆಗಿದ್ದರೆ ‘ಎಲ್ಲರಿಗೂ ಡಿಲೀಟ್’ ಮಾಡಬಹುದಿತ್ತು. ಅದಕ್ಕೆ ಸುಮಾರು ಎರಡು ದಿನದ ಅವಕಾಶ ಇರುತ್ತದೆ. ಈಗ ಗ್ರೂಪಿನ ಅಡ್ಮಿನ್ ಯಾರು ಅಂತ ನೋಡಿ. ನಿಮ್ಮ ಮಗನೇ ಆಗಿದ್ದರೆ ಗ್ರೂಪ್ ಮುಚ್ಚಿ ಹೊಸದು ಮಾಡಲಿ. ಇಳಿಸಿಕೊಂಡವರ ಫೋನಿನಿಂದ ಅದು ಹೋಗುವುದಿಲ್ಲ. ಹಾಗಾಗಿ ಮನೆಯ ಹಿರಿಯರು ನೀವೇ ಒಂದು ವಾಯ್ಸ್ ಮೆಸೇಜ್ ಹಾಕಿ: ‘ಆ ಕಾಗದವನ್ನು ಎಲ್ಲರೂ ಅಳಿಸಿಬಿಡಿ. ಸಲಹೆ ಬೇಕಾದಾಗ ನಾವೇ ಕೇಳುತ್ತೇವೆ.’ ನಿಮ್ಮ ದನಿಯಲ್ಲಿ ಹೇಳಿದರೆ ದಾವಣಗೆರೆಯವರು ಕೇಳುತ್ತಾರೆ. ಅಮೆರಿಕದವರ ಬಗ್ಗೆ ನಾನು ಭರವಸೆ ಕೊಡಲಾರೆ.

ಸೊಸೆಯ ಜೊತೆ ಮಾತ್ರ ಮಗ ಮಾತಾಡಬೇಕು, ನೀವಲ್ಲ.

ಪ್ರಶ್ನೆ: ನಾನು ಎಸ್‌ಎಸ್‌ಎಲ್‌ಸಿ. ನನಗೆ ಎಲ್‌ಡಿ (ಕಲಿಕಾ ತೊಂದರೆ) ಇದೆ. ಪರೀಕ್ಷೆಯಲ್ಲಿ ಎಕ್ಸ್‌ಟ್ರಾ ಟೈಮ್ ಬೇಕು. ಆದರೆ ಫ್ರೆಂಡ್ಸ್‌ಗೆ ಗೊತ್ತಾಗಬಾರದು. ನನ್ನ ರಿಪೋರ್ಟನ್ನು ಯಾರ್ಯಾರು ಓದುತ್ತಾರೆ? ಟ್ಯೂಷನ್‌ನವರೂ ಒಂದು ಕಾಪಿ ಕೇಳುತ್ತಿದ್ದಾರೆ.
(ಒಬ್ಬ ವಿದ್ಯಾರ್ಥಿ, ವಿಜಯನಗರ)

ಟ್ಯೂಷನ್‌ನವರಿಗೆ ಕೊಡಬೇಡ. ಅವರಿಗೆ ಬೇಕಾದದ್ದು ‘ಇವನಿಗೆ ಪ್ರಶ್ನೆಪತ್ರಿಕೆ ಓದಿ ಹೇಳಿ, ಬರೆಯಲು ಸಮಯ ಕೊಡಿ’ ಅನ್ನುವ ಎರಡು ಸಾಲು. ನಿಮ್ಮಮ್ಮ ಬಾಯಲ್ಲಿ ಹೇಳಿದರೆ ಸಾಕು.

ಶಾಲೆಗೆ ಕೊಡಲೇಬೇಕು, ಯಾಕೆಂದರೆ ರಿಯಾಯಿತಿಯ ಅರ್ಜಿ ಶಾಲೆಯ ಮೂಲಕವೇ ಪರೀಕ್ಷಾ ಮಂಡಳಿಗೆ ಹೋಗುತ್ತದೆ. ಇದು ಯಾರೋ ಮಾಡುವ ಉಪಕಾರ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ ಒಂದು.

ಆದರೆ ಸರ್ಟಿಫಿಕೇಟ್ ಬೇರೆ, ರಿಪೋರ್ಟ್ ಬೇರೆ. ನಿಮ್ಹಾನ್ಸ್ ಇರಲಿ, ಬೇರೆ ಆಸ್ಪತ್ರೆ ಇರಲಿ, ಪೂರ್ತಿ ರಿಪೋರ್ಟಿನಲ್ಲಿ ನಿನ್ನ ಐಕ್ಯೂ, ಚಿಕ್ಕಂದಿನ ಕಥೆ, ಮನೆಯ ವಿಚಾರ, ಟೆಸ್ಟ್ ಮಾಡುವಾಗ ನೀನು ಹೇಗೆ ಕೂತಿದ್ದೆ ಅನ್ನುವುದೂ ಇರಬಹುದು. ಸರ್ಟಿಫಿಕೇಟಿನಲ್ಲಿ ಇರುವುದು ಏನು ತೊಂದರೆ, ಏನು ರಿಯಾಯಿತಿ ಬೇಕು ಅನ್ನುವುದು. ಮೊದಲು ಸರ್ಟಿಫಿಕೇಟ್ ಮಾತ್ರ ಕೊಡಿ. ಪೂರ್ತಿ ರಿಪೋರ್ಟೇ ಬೇಕು ಅಂದರೆ ಯಾಕೆ ಅಂತ ಕೇಳಲಿ ನಿಮ್ಮಪ್ಪ ಅಮ್ಮ. ಕವರಿನಲ್ಲಿ ಹಾಕಿ, ಮೇಲೆ ಹೆಡ್‌ಮಾಸ್ಟರ್ ಹೆಸರು ಬರೆದು, ಅವರ ಕೈಗೇ ಕೊಡಿ. ಕ್ಲಾಸಿನ ಹುಡುಗನ ಕೈಲಿ ಸ್ಟಾಫ್ ರೂಮಿಗೆ ಕಳಿಸಬೇಡಿ. ರಿಯಾಯಿತಿ ಸಿಕ್ಕವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಥವಾ ಕ್ಲಾಸ್ ಗ್ರೂಪಿಗೆ ಹಾಕಬೇಡಿ ಅಂತಲೂ ಅಲ್ಲೇ ಬರೆದು ಕೊಡಿ.

ಒಂದು ವಿಷಯ ನೇರವಾಗಿ ಹೇಳುತ್ತೇನೆ. ಉಳಿದವರು ಎದ್ದು ಹೋದ ಮೇಲೂ ನೀನು ಬರೆಯುತ್ತಾ ಕೂತಿದ್ದರೆ ಅಥವಾ ಪಕ್ಕದಲ್ಲಿ ನಿನ್ನ ಪರವಾಗಿ ಬರೆಯುವ ಸ್ಕ್ರೈಬ್ ಇದ್ದರೆ ನೋಡಿದವರಿಗೆ ಗೊತ್ತಾಗುತ್ತದೆ. ಅದನ್ನು ತಡೆಯಲು ಆಗುವುದಿಲ್ಲ. ಯಾಕೆ ಅಂತ ಕೇಳಿದರೆ ಹೇಳಬೇಕಾ ಬೇಡವಾ ಅನ್ನುವುದು ನಿನಗೆ ಬಿಟ್ಟದ್ದು. ‘ಬರೆಯೋಕೆ ಟೈಮ್ ಜಾಸ್ತಿ ಬೇಕು’ ಅಂದರೂ ಅದು ಪೂರ್ತಿ ಉತ್ತರವೇ. ಗೊತ್ತಾಗುತ್ತದೆ ಅನ್ನುವ ಭಯಕ್ಕೆ ಆ ಸಮಯವನ್ನು ಮಾತ್ರ ಬಿಡಬೇಡ.

18 ತುಂಬಿದ ಮೇಲೆ ಒಪ್ಪಿಗೆ ಕೊಡುವವನು, ವಾಪಸ್ ಪಡೆಯುವವನು ನೀನೇ. ಆಗ ಹಳೆಯ ಸೆಂಟರ್‌ಗಳಿಗೆ ಹೋಗಿ ‘ನನ್ನದು ಏನೇನು ಇಟ್ಟಿದ್ದೀರಿ ತೋರಿಸಿ, ಬೇಡದ್ದನ್ನು ಅಳಿಸಿ’ ಅಂತ ಕೇಳಬಹುದು. ನಿನ್ನ ಸ್ವಂತ ಪ್ರತಿಯನ್ನು ಮಾತ್ರ ಅಳಿಸಬೇಡ. ಪಿಯುಸಿಯಲ್ಲಿ, ಕಾಲೇಜಿನಲ್ಲಿ ರಿಯಾಯಿತಿ ಬೇಕಾದಾಗ ಮತ್ತೆ ಕಾಗದ ಕೇಳುತ್ತಾರೆ. ಸರ್ಟಿಫಿಕೇಟಿಗೆ ಇಂತಿಷ್ಟು ವರ್ಷ ಅಂತ ಅವಧಿ ಬರೆದಿದ್ದರೆ ಅದನ್ನೂ ಈಗಲೇ ನೋಡಿಕೋ. ಮುಗಿಯುತ್ತಾ ಬಂದಿದ್ದರೆ ಪರೀಕ್ಷೆಯ ವರ್ಷದಲ್ಲಿ ಓಡಾಡುವ ಬದಲು ಅಕ್ಟೋಬರ್ ರಜೆಯಲ್ಲೇ ಅಪಾಯಿಂಟ್‌ಮೆಂಟ್ ಮಾಡಿಸಿಕೋ.